ಮುಖ ಅವರದು, ಬೆನ್ನು ನಮ್ಮದು

ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತಿದ್ದೇನೆ. ನಾನು ಹೇಳಹೊರಟಿರುವ ಸಂಗತಿಯಲ್ಲಿ ಬೇರೆಯವರು ಇದನ್ನು ಬಾಯಿಬಿಟ್ಟು ಹೇಳದೆಯೇ ಪದೇ ಪದೇ ನೆನಪಿಸಿದರು. ಅವರಿಗೆ ಆ ಶ್ರಮ ಬೇಡ.

ನನ್ನ ಊರು ಬಳ್ಳಾರಿ. ಈಗ ಇರುವುದು ವಿಜಯವಾಡದ ಪಟಮಟದಲ್ಲಿ, ಹೆಂಡತಿಯ ಊರಿನಲ್ಲಿ. ಕನ್ನಡ ಸಿನಿಮಾಗಳಿಗೆ ತೆಲುಗು ಮಾತು ಬರೆದು ಡಬ್ಬಿಂಗ್ ಮಾಡಿಸುವುದು ನನ್ನ ಕೆಲಸ. ಸ್ಟುಡಿಯೋ ಗವರ್ನರ್‌ಪೇಟೆಯಲ್ಲಿ, ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿಯ ಮೇಲಿದೆ. ದೊಡ್ಡದೇನಲ್ಲ. ಗೋಡೆಗೆ ಸ್ಪಂಜು ಹೊಡೆದ ಒಂದು ಕೋಣೆ, ಗಾಜಿನ ಆಚೆ ಸೌಂಡ್ ಇಂಜಿನಿಯರ್ ಕೂರುವ ಇನ್ನೊಂದು. ಕೆಳಗೆ ಲಾರಿಯಿಂದ ಪಾತ್ರೆ ಇಳಿಸುವಾಗ ರೆಕಾರ್ಡಿಂಗ್ ನಿಲ್ಲಿಸಬೇಕು. ರೆಕಾರ್ಡಿಂಗ್ ಮಾಡುವಾಗ ಏಸಿ ನಿಲ್ಲಿಸಬೇಕು. ಹೀಗಾಗಿ ನಮ್ಮಲ್ಲಿ ಯಾವ ಪ್ರೇಮದ ಮಾತೂ ಬೆವರಿಳಿಸದೆ ಹೊರಬಂದದ್ದಿಲ್ಲ.

ಈ ಕೆಲಸ ಅನುವಾದವಲ್ಲ. ಅನುವಾದ ಮಾಡುವವರಿಗೆ ಅರ್ಥವೊಂದೇ ಯಜಮಾನ. ನಮಗೆ ತುಟಿಯೂ ಯಜಮಾನ. ಪ, ಬ, ಮ ಬಂದ ಕಡೆ ನಟನ ತುಟಿ ಮುಚ್ಚಿರುತ್ತದೆ. ಅಲ್ಲಿಗೆ ತೆಲುಗಿನಲ್ಲೂ ತುಟಿ ಮುಚ್ಚುವ ಅಕ್ಷರವೇ ಬೀಳಬೇಕು. ಕನ್ನಡದ ನಟ ‘ಬಾ’ ಎಂದರೆ ತೆಲುಗಿನಲ್ಲಿ ‘ರಾ’ ಎಂದು ಹಾಕಲು ಬರುವುದಿಲ್ಲ, ಬಾಯಿ ಸುಳ್ಳು ಹೇಳುತ್ತದೆ. ‘ಪದ’ ಎಂದು ಹಾಕಿ, ಅಂದರೆ ‘ನಡಿ’ ಎಂದು ಹಾಕಿ, ‘ದ’ವನ್ನು ಅವನು ಮುಖ ತಿರುಗಿಸುವಾಗ ನುಂಗಿಸಬೇಕು. ಇಂಥ ಒಂದು ಅಕ್ಷರಕ್ಕೆ ಅರ್ಧ ಬೆಳಗ್ಗೆ ಹೋದದ್ದಿದೆ.

ನಟ ಬೆನ್ನು ತಿರುಗಿಸಿದಾಗ ಮಾತ್ರ ನಮಗೆ ಬಿಡುಗಡೆ. ತುಟಿ ಕಾಣುವುದಿಲ್ಲವಲ್ಲ, ಏನು ಬೇಕಾದರೂ ಆಡಿಸಬಹುದು. ಕಥೆ ಅರ್ಥವಾಗದಿದ್ದರೆ ಅಲ್ಲಿ ಒಂದು ಮಾತು ತುರುಕುತ್ತೇವೆ, ದೃಶ್ಯ ಸಪ್ಪೆಯಾಗಿದ್ದರೆ ಒಂದು ನಗೆ. ‘ಮುಖಂ ವಾಳ್ಳದಿ, ವೀಪು ಮನದಿ’ ಎಂದು ನಮ್ಮ ಸ್ಟುಡಿಯೋದಲ್ಲಿ ಹೇಳುತ್ತೇವೆ. ಮುಖ ಅವರದು, ಬೆನ್ನು ನಮ್ಮದು. ಇದು ಕಳ್ಳತನವಲ್ಲ, ಎಲ್ಲರೂ ಮಾಡುವ ಪದ್ಧತಿ. ಎಷ್ಟೋ ಸಿನಿಮಾ ತೆಲುಗಿನಲ್ಲಿ ಓಡಿದ್ದು ನಟರ ಬೆನ್ನಿನಿಂದ.

ಹೀಗೆ ನಾನು ಬರೆದ ಮಾತುಗಳಿಗೆ ತೆರೆಯ ಮೇಲೆ ಹೆಸರು ಬರುತ್ತಿದ್ದದ್ದು ಹೈದರಾಬಾದಿನ ಒಬ್ಬ ದೊಡ್ಡ ಬರಹಗಾರರದು. ಅವರು ಕೆಲಸ ತರುತ್ತಿದ್ದರು, ನಾನು ಮಾಡುತ್ತಿದ್ದೆ. ಜನ ಅವರ ಮಾತು ಚೆನ್ನಾಗಿದೆ ಎಂದಾಗ ನಾನು ಪಟಮಟದ ಮನೆಯಲ್ಲಿ ಕೂತು ಹೌದು ಎನ್ನುತ್ತಿದ್ದೆ. ಹಾಗಿರುವಾಗ ಒಂದು ಬೆಳಗ್ಗೆ ಸ್ಟುಡಿಯೋ ಯಜಮಾನಿ ನನ್ನನ್ನು ಕೂರಿಸಿ ಒಂದು ಸುದ್ದಿ ಹೇಳಿದರು. ನಮ್ಮಲ್ಲಿ ಆಡುವುದು ತೆಲುಗು. ಅದನ್ನು ನನ್ನ ಬಳ್ಳಾರಿ ಮಾತಿಗೆ ತಂದು ಬರೆಯುತ್ತಿದ್ದೇನೆ, ನನ್ನ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ.

“ಒಂದು ಕನ್ನಡ ಪಿಕ್ಚರ್ ಬಂದೈತಿ. ಓಟಿಟಿ ಕಂಪನಿಯವ್ರು ತೆಲುಗು ಮಾಡಿಸ್ತಾರ. ಪ್ರಶಸ್ತಿ ಮ್ಯಾಲೆ ಪ್ರಶಸ್ತಿ ಅಂತ. ಡೈರೆಕ್ಟರ್ ಒಂದು ಕಂಡೀಷನ್ ಹಾಕ್ಯಾರ. ಯಾರು ಬರೀತಾರೋ ಅವ್ರ ಹೆಸರೇ ಟೈಟಲ್ ಕಾರ್ಡಿನಾಗ ಬರಬೇಕು.”

“ಅಂದ್ರ ನನ್ನ ಹೆಸರು?”

“ನಿಮ್ದೇ ರೀ. ನಂದು ಹಾಕ್ಲೇನು ಮತ್ತ?”

ಆ ಕೆಲಸವನ್ನು ನಮಗೆ ಕೊಡಿಸಿದವರು ವಿಶಾಖಪಟ್ಟಣದಲ್ಲಿರುವ ಒಬ್ಬ ಬ್ಯಾಂಕ್ ಅಧಿಕಾರಿ. ಶಿವಮೊಗ್ಗದ ಕಡೆಯವರು, ವರ್ಗವಾಗಿ ಬಂದವರು. ಅಲ್ಲಿನ ಕನ್ನಡ ಸಂಘವನ್ನೂ ಒಂದು ಫಿಲ್ಮ್ ಸೊಸೈಟಿಯನ್ನೂ ನಡೆಸುತ್ತಾರೆ. ನಾನು ಅವರನ್ನು ಸಾಹೇಬರು ಎನ್ನುತ್ತೇನೆ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆ ಸಿನಿಮಾವನ್ನು ಅವರು ಹಲವು ಸಲ ನೋಡಿದ್ದರು.

ನಾನು ಒಂದು ಸಲ ನೋಡಿದೆ. ನನಗೆ ಹಿಡಿಸಲಿಲ್ಲ.

ಕಥೆ ಇಷ್ಟು. ಒಂದು ಕಲ್ಲು ಕ್ವಾರಿ. ಅಲ್ಲಿ ಒಬ್ಬ ಕೂಲಿ. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಸಣ್ಣ ಮಗಳಿದ್ದಾಳೆ. ಅವನು ಮಾತಾಡುವುದಿಲ್ಲ. ಕಲ್ಲು ಒಡೆಯುತ್ತಾನೆ, ಮಗಳ ಜಡೆ ಹಾಕುತ್ತಾನೆ, ಮತ್ತೆ ಕಲ್ಲು ಒಡೆಯುತ್ತಾನೆ. ಅದರಲ್ಲಿ ಒಂದು ಊಟದ ದೃಶ್ಯ ಬರುತ್ತದೆ. ಏಳು ಜನ ಕೂಲಿಗಳು ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಕ್ಯಾಮೆರಾ ದೂರದಲ್ಲಿ ನಿಂತು ಅಲುಗುವುದೇ ಇಲ್ಲ. ಯಾರೂ ಒಂದು ಮಾತಾಡುವುದಿಲ್ಲ. ಅಗಿಯುವ ಸದ್ದು, ಗಾಳಿ, ಅಷ್ಟೆ. ಊಟ ಮುಗಿಯುವವರೆಗೂ ಹಾಗೆಯೇ. ಪತ್ರಿಕೆಗಳಲ್ಲಿ ಬರೆದವರೆಲ್ಲ ಆ ದೃಶ್ಯವನ್ನು ಕೊಂಡಾಡಿದ್ದರು.

ನಾನು ಕುರ್ಚಿಯಲ್ಲಿ ಕೂತು ಕೊತಕೊತ ಕುದಿದೆ. ನಮ್ಮಪ್ಪ ಬಳ್ಳಾರಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ಹತ್ತಿಯ ಅಂಡಿಗೆ ಹೊರುವ ಆ ಜನ ಬುತ್ತಿ ಬಿಚ್ಚಿದರೆ ಮಾರ್ಕೆಟ್ಟಿನ ಕಾಗೆಗಳೇ ಎದ್ದು ಹೋಗುತ್ತಿದ್ದವು, ಅಷ್ಟು ಗದ್ದಲ. ಏಳು ಜನ ದುಡಿಯುವವರು ಕೂತು ಉಣ್ಣುವಾಗ ಚಟ್ನಿ ಯಾರು ಅರೆದದ್ದು ಎಂದು ಒಬ್ಬನೂ ಕೇಳುವುದಿಲ್ಲವೇ? ಯಾರೋ ಓದಿದವರು ಕಾರಿನಲ್ಲಿ ಬಂದು, ಕ್ವಾರಿಯ ಅಂಚಿನಲ್ಲಿ ನಿಂತು, ದೂರದಿಂದ ಮಾತು ಕೇಳಿಸದೆ ಇದ್ದದ್ದಕ್ಕೆ ಬಡವರು ಮೂಗರು ಎಂದು ತಿಳಿದು ಹೋಗಿದ್ದಾರೆ ಎಂದುಕೊಂಡೆ.

ಸಾಹೇಬರು ಫೋನ್ ಮಾಡಿದರು. “ನೋಡಿದ್ರಾ? ಹೇಗಿದೆ?”

“ನೋಡಿದೆ ಸಾರ್. ನಂಗ ಹಿಡಿಸ್ಲಿಲ್ರಿ.”

ಅವರು ಬಹಳ ಮೃದುವಾಗಿ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ, “ಇಂಥ ಸಿನಿಮಾ ನೋಡೋಕೆ ಸ್ವಲ್ಪ ತಯಾರಿ ಬೇಕಾಗುತ್ತೆ ಕಣ್ರೀ. ನಿಧಾನವಾಗಿ ಇನ್ನೊಂದ್ಸಲ ನೋಡಿ. ಅರ್ಥ ಆಗುತ್ತೆ” ಎಂದರು.

“ಅರ್ಥ ಆಗೇತ್ರಿ ಸಾರ್. ಅರ್ಥ ಆಗೇ ಹಿಡಿಸ್ಲಿಲ್ಲ.”

ಅವರು ನಕ್ಕರು. ಕೆಟ್ಟ ನಗೆಯಲ್ಲ, ಅದೇ ತೊಂದರೆ. ಕೆಟ್ಟ ನಗೆಯಾಗಿದ್ದರೆ ಜಗಳವಾಡಬಹುದಿತ್ತು. ಬ್ಯಾಂಕಿನ ಇನ್ನೊಬ್ಬರು ಇದೇ ಸಿನಿಮಾ ಬೋರು ಎಂದರೆ ಅದು ಅವರ ಅಭಿರುಚಿ. ನಾನು ಎಂದರೆ ಅದು ನನ್ನ ಒಂಬತ್ತನೇ ಕ್ಲಾಸು. ಇಷ್ಟವಾಯಿತು ಎಂದು ಸುಳ್ಳು ಹೇಳಿದರೆ ಬುದ್ಧಿವಂತ, ನಿಜ ಹೇಳಿದರೆ ದಡ್ಡ. ಈ ಎರಡರ ನಡುವೆ ನಿಲ್ಲಲು ನನಗೆ ಯಾರೂ ಜಾಗ ಬಿಡಲಿಲ್ಲ.

ಕೆಲಸ ಬಿಡುವ ಯೋಚನೆ ಬಂತು. ಆದರೆ ಕಾರ್ಡಿನ ಮೇಲೆ ನನ್ನ ಹೆಸರು. ಅದನ್ನು ಬಿಡುವಷ್ಟು ದೊಡ್ಡವನು ನಾನಲ್ಲ.

ಬರೆಯಲು ಕೂತಾಗ ಇನ್ನೊಂದು ಅವಮಾನ ಕಾದಿತ್ತು. ಇಡೀ ಸಿನಿಮಾದ ಮಾತು ಎರಡು ಹಾಳೆಗೆ ಮುಗಿದುಹೋಯಿತು. ಇಷ್ಟು ವರ್ಷ ಕಂತೆಗಟ್ಟಲೆ ಬರೆದದ್ದು ಬೇರೆಯವರ ಹೆಸರಿಗೆ. ನನ್ನ ಹೆಸರಿಗೆ ಬಂದದ್ದು ‘ಬಾ’, ‘ಬೇಡ’, ‘ಉಣ್ಣು’. ಊಟದ ದೃಶ್ಯವನ್ನು ಮತ್ತೆ ಹಾಕಿ ನೋಡಿದೆ. ಆಗ ಕಂಡದ್ದು ಬೇರೆ. ಏಳು ಜನರಲ್ಲಿ ಮುಖ ಕಾಣುವುದು ನಾಯಕನದು ಮಾತ್ರ. ಉಳಿದವರೆಲ್ಲ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದಾರೆ. ಡಬ್ಬಿಂಗ್ ಮಾಡುವವನಿಗೆ ಅದು ಖಾಲಿ ಬಿದ್ದ ಗದ್ದೆ ಇದ್ದ ಹಾಗೆ.

ಬಿತ್ತಿದೆ. ಹತ್ತಿ ಮಾರ್ಕೆಟ್ಟಿನ ಊಟವನ್ನು ನೆನೆದು ಒಂದೇ ಪಟ್ಟಿಗೆ ಕೂತು ಬರೆದೆ. ಒಬ್ಬ ಕೇಳುತ್ತಾನೆ, “ಈ ಚಟ್ನಿ ಯಾರ್ ಅರೆದದ್ದೋ?” ಇನ್ನೊಬ್ಬ, “ನಿನ್ನ ಹೇಣ್ತಿ ಅಂತೂ ಅಲ್ಲ, ಉಪ್ಪೈತಿ.” ಮತ್ತೊಬ್ಬ, “ನಿಮ್ಮನಿ ಹುಂಜ ಯಾಕೋ ಇವತ್ತು ಕೂಗ್ಲಿಲ್ಲಲ್ಲ?” ಅದಕ್ಕೆ ಉತ್ತರ, “ಕೂಗಿತ್ತು. ಈಗ ಡಬ್ಬಿಯಾಗ ಕೂತೈತಿ.” ಕೊನೆಗೆ ನಾಯಕನಿಗೇ, “ಏ ಮಾವ, ನಿನ್ನ ಮಾತು ಕೇಳಾಕ ಟಿಕೆಟ್ ತಗೋಬೇಕೇನು?” ಅವನು ತಲೆ ಎತ್ತುವುದಿಲ್ಲ. ಅವನ ಮುಖ ಅವರದು. ನಾನು ಮುಟ್ಟಲಿಲ್ಲ.

ನಾಯಕನಿಗೂ ಹುಂಜದವನಿಗೂ ದನಿ ಕೊಟ್ಟವರು ಒಬ್ಬ ಹಿರಿಯ ಕಲಾವಿದರು. ಪೌರಾಣಿಕ ನಾಟಕದಲ್ಲಿ ಪದ್ಯ ಹಾಡಿ ಬೆಳೆದವರು, ಡಬ್ಬಿಂಗಿನಲ್ಲಿ ಬದುಕಿಡೀ ಖಳನಾಯಕರಿಗೆ ಗರ್ಜಿಸಿದವರು. ನಾವೆಲ್ಲ ಬಾಬಾಯ್ ಎನ್ನುತ್ತೇವೆ, ಅಂದರೆ ಚಿಕ್ಕಪ್ಪ. ಹುಂಜದ ಮಾತನ್ನು ಅವರು ಎಷ್ಟು ತಣ್ಣಗೆ, ತುತ್ತು ಬಾಯಲ್ಲಿಟ್ಟುಕೊಂಡು ಹೇಳಿದರೆಂದರೆ, ಗಾಜಿನ ಆಚೆ ಇಂಜಿನಿಯರ್ ನಕ್ಕು ಕೈ ತಪ್ಪಿ ರೆಕಾರ್ಡಿಂಗ್ ನಿಲ್ಲಿಸಿಬಿಟ್ಟ.

“ಏನಪಾ, ತಪ್ಪಾತೇನು?” ಎಂದರು ಬಾಬಾಯ್.

“ಇಲ್ಲ ಬಾಬಾಯ್. ಇಷ್ಟು ದಿನ ನಿಮ್ಮನ್ನ ಬರೇ ಕೊಲೆ ಮಾಡಾಕ ಕರಸ್ತಿದ್ವಲ್ಲ ಅಂತ.”

ಬಾಬಾಯ್ ಎದೆ ಸೆಟೆಸಿ, “ಬರೆಯೋರು ಬರೆದ್ರ ಆಡೋರು ಆಡ್ತಾರ” ಎಂದು ನನ್ನ ಕಡೆ ನೋಡಿದರು. ಆ ನೋಟ ನನಗೆ ಯಾವ ಪ್ರಶಸ್ತಿಗಿಂತಲೂ ಕಡಿಮೆ ಇರಲಿಲ್ಲ.

ಓಟಿಟಿ ಕಂಪನಿಯವರು ಟ್ರ್ಯಾಕ್ ಕೇಳಿ ಒಪ್ಪಿದರು. ತೆಲುಗಿನವರಿಗೆ ಹೀಗಿದ್ದರೇ ಸರಿ, ಹಿಡಿದು ಕೂರಿಸುತ್ತದೆ ಎಂದು ಯಜಮಾನಿಗೆ ಹೇಳಿದರಂತೆ. ಮುಂದಿನ ಸಿನಿಮಾಗಳ ಮಾತೂ ಬಂತಂತೆ. ಬಿಡುಗಡೆಗೆ ಮುಂಚೆ ಒಂದು ಪ್ರದರ್ಶನಕ್ಕೆ ಸಾಹೇಬರ ಫಿಲ್ಮ್ ಸೊಸೈಟಿಗೆ ಅನುಮತಿ ಸಿಕ್ಕಿತು. ನಿರ್ದೇಶಕಿ ಬೆಂಗಳೂರಿನಿಂದ ಬರುತ್ತಾರೆ, ನೀವೂ ಬನ್ನಿ ಎಂದರು ಸಾಹೇಬರು. ಬೆಳಗಿನ ರೈಲು ಹಿಡಿದು ವಿಶಾಖಪಟ್ಟಣಕ್ಕೆ ಹೋದೆ.

ಬೀಚ್ ರಸ್ತೆಯ ಹಿಂದಿನ ಒಂದು ಸಣ್ಣ ಹಾಲ್. ಕನ್ನಡದವರು ಸ್ವಲ್ಪ, ತೆಲುಗಿನವರು ಹೆಚ್ಚು. ನಿರ್ದೇಶಕಿಯನ್ನು ಅಲ್ಲೇ ಮೊದಲು ನೋಡಿದ್ದು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹತ್ತಿ ಸೀರೆ, ಹೆಗಲಿಗೊಂದು ಚೀಲ. ಕೊನೆಯ ಸಾಲಿನಲ್ಲಿ ಒಬ್ಬರೇ ಕೂತರು. ನಾನು ಪಕ್ಕದ ಗೋಡೆಗೆ ಒರಗಿ ನಿಂತೆ. ನನ್ನ ಮಾತನ್ನು ಜನರ ಜೊತೆ ಕೇಳುವಾಗ ನನಗೆ ಕೂರಲಾಗುವುದಿಲ್ಲ.

ಊಟದ ದೃಶ್ಯ ಬಂತು. ಉಪ್ಪಿನ ಮಾತಿಗೆ ಜನ ಕಿಸಕ್ ಎಂದರು. ಹುಂಜದ ಮಾತಿಗೆ ಹಾಲ್ ಎದ್ದು ನಕ್ಕಿತು. ಮುಂದಿನ ಸಾಲಿನ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಹೇಬರೂ ನಕ್ಕರು, ಆಮೇಲೆ ನಗಬಾರದು ಎಂದು ನೆನಪಾಗಿ ಕೆಮ್ಮಿದರು. ನನ್ನ ಮೈಯೆಲ್ಲ ಬಿಸಿಯಾಯಿತು. ತಿರುಗಿ ನೋಡಿದರೆ ಕೊನೆಯ ಸಾಲಿನ ಕುರ್ಚಿ ಖಾಲಿ.

ಸಿನಿಮಾ ಮುಗಿದ ಮೇಲೆ ಅವರು ಹೊರಗೆ ಕಾಂಪೌಂಡಿನಲ್ಲಿ ನಿಂತಿದ್ದರು. ಸಾಹೇಬರು ನನ್ನನ್ನು ಕರೆದುಕೊಂಡು ಹೋಗಿ ಪರಿಚಯಿಸಿದರು.

“ಊಟದ ಸೀನಿನ ಮಾತೆಲ್ಲ ನೀವು ಬರೆದಿದ್ದಾ ಸರ್?”

“ಹೌದಮ್ಮಾ.”

“ಚೆನ್ನಾಗಿದೆ. ಹುಂಜಕ್ಕೆ ನಾನೂ ನಕ್ಕೆ. ಆಮೇಲೆ ಎದ್ದು ಬಂದ್ಬಿಟ್ಟೆ.” ಅವರು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. “ನಿಮಗೆ ಸಿನಿಮಾ ಇಷ್ಟ ಆಗಲಿಲ್ಲ ಅಲ್ವಾ?”

ಸಾಹೇಬರು ನಡುವೆ ಬಂದರು. “ಹಾಗಲ್ಲ ಮೇಡಂ, ಇವರು ಕಮರ್ಷಿಯಲ್ ಕೆಲಸ ಮಾಡಿ ಮಾಡಿ...”

“ಸಾರ್, ನನ್ನನ್ನ ಕೇಳ್ಯಾರ” ಎಂದೆ. “ಇಲ್ಲಮ್ಮಾ. ಹಿಡಿಸ್ಲಿಲ್ಲ. ದುಡಿಯೋ ಮಂದಿ ಹಂಗ ಮೂಗರಂಗ ಉಣ್ಣಲ್ಲ.”

“ಯಾವಾಗಲೂ ಹಾಗೆ ಉಣ್ಣಲ್ಲ. ಆ ದಿನ ಉಣ್ತಾರೆ. ಅವನ ಹೆಂಡತಿ ಸತ್ತಮೇಲೆ ಅವನು ಮೊದಲನೇ ಸಲ ಕೆಲಸಕ್ಕೆ ಬಂದಿರೋ ದಿನ ಅದು. ಅವನು ಮಾತಾಡ್ತಿಲ್ಲ ಅಂತ ಅವರೂ ಮಾತಾಡಲ್ಲ.”

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸಿಟ್ಟು ಬಂದದ್ದು. “ನಮ್ಮವ್ವ ಸತ್ತಾಗ ನಾನು ಸಣ್ಣಾವ” ಎಂದೆ. “ಆಮ್ಯಾಲೆ ನಮ್ಮಪ್ಪ ಮೊದಲ ಸಲ ಮಾರ್ಕೆಟ್ಟಿಗೆ ಹೋದ ದಿನ ನಾನೂ ಜೊತಿಗೆ ಹೋಗಿದ್ದೆ. ಹಮಾಲಿ ಮಂದಿ ಒಂದು ಗಳಿಗಿ ಬಾಯಿ ಮುಚ್ಚಲಿಲ್ಲ. ಬೈದ್ರು, ನಗಿಸಿದ್ರು, ನನ್ನ ಚಡ್ಡಿ ನೋಡಿ ಆಡಿಕೊಂಡ್ರು. ಒಬ್ಬ ಮುಗಿಸಿದ್ರ ಇನ್ನೊಬ್ಬ ಹಿಡೀತಿದ್ದ. ಸುಮ್ಮನ ಬಿಟ್ರ ಆ ಮನಿಷ ಕೈ ತಪ್ಪಿ ಹೋಗ್ತಾನ ಅಂತ ಅವ್ರಿಗೆ ಗೊತ್ತಿತ್ತು. ನಿಮ್ಮ ಪಿಕ್ಚರಿನಾಗ ಆರು ಮಂದಿ ಕೂತು ಅವನನ್ನ ಒಬ್ಬನ್ನೇ ಬಿಟ್ಟಾರ.”

ಇಷ್ಟು ಹೇಳಬೇಕೆಂದು ಹೋಗಿರಲಿಲ್ಲ. ಸಾಹೇಬರು ನೆಲ ನೋಡುತ್ತಿದ್ದರು.

ನಿರ್ದೇಶಕಿ ಚೀಲದ ಪಟ್ಟಿ ಬಿಟ್ಟರು. “ನಮ್ಮಪ್ಪ ಚಿಕ್ಕಬಳ್ಳಾಪುರದ ಕಡೆ ಕ್ವಾರಿಯಲ್ಲಿ ಕಲ್ಲು ಒಡೀತಿದ್ರು ಸರ್” ಎಂದರು. “ಅಮ್ಮ ಹೋದಮೇಲೆ ಮನೇಲಿ ಬುತ್ತಿ ಕಟ್ಟೋಳು ನಾನೇ. ಒಂದಿನ ಮರೆತು ಬಿಟ್ಟೋಗಿದ್ರು, ತಗೊಂಡು ಹೋದೆ. ಅವರ ಜೊತೆಯವರು ಸುತ್ತ ಕೂತಿದ್ರು. ಯಾರೂ ಮಾತಾಡ್ತಿರಲಿಲ್ಲ. ಆದ್ರೆ ಎಲ್ಲರೂ ಅಪ್ಪ ತಿನ್ನೋ ಅಷ್ಟೇ ನಿಧಾನಕ್ಕೆ ತಿಂತಿದ್ರು. ಅಪ್ಪ ನಿಲ್ಲಿಸಿದ್ರೆ ಅವರೂ ನಿಲ್ಲಿಸ್ತಿದ್ರು. ಅಪ್ಪನ್ನ ಒಬ್ಬರನ್ನೇ ಬಿಟ್ಟಿದ್ರು ಅಂತ ನಂಗೆ ಅನಿಸಲಿಲ್ಲ.”

ಕಾರಿನಲ್ಲಿ ಬಂದು ಕ್ವಾರಿ ನೋಡಿ ಹೋದವರು ಎಂದುಕೊಂಡಿದ್ದೆನಲ್ಲ.

“ಕಂಪನಿಯವರು ನಿಮ್ಮ ಟ್ರ್ಯಾಕ್ ಒಪ್ಪಿಬಿಟ್ಟಿದ್ದಾರೆ” ಎಂದರು ಅವರು. “ಹಕ್ಕು ಪ್ರೊಡ್ಯೂಸರ್ ಮಾರಿಯಾಗಿದೆ, ನಾನು ಬೇಡ ಅಂದ್ರೂ ನಡೆಯಲ್ಲ. ಅದನ್ನ ತೆಗೀರಿ ಅಂತ ನಿಮ್ಮನ್ನ ಕೇಳ್ತಿಲ್ಲ. ಹೇಳಬೇಕು ಅನಿಸ್ತು, ಹೇಳಿದೆ.” ಕೈ ಮುಗಿದು ಹೊರಟುಹೋದರು.

ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ರಾತ್ರಿ ಉಳಿದದ್ದು ವಿಶಾಖಪಟ್ಟಣದ ಹೊರಗಿನ ಪರವಾಡದಲ್ಲಿ, ಹೆಂಡತಿಯ ತಮ್ಮನ ಮನೆಯಲ್ಲಿ. ಅವನು ಅಲ್ಲಿ ಔಷಧ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಬೆಳಗ್ಗೆ ಎದ್ದು ರಸ್ತೆಯ ಟೀ ಅಂಗಡಿಗೆ ಬಂದೆ. ಶಿಫ್ಟ್ ಬಿಟ್ಟವರು, ಶಿಫ್ಟಿಗೆ ಹೋಗುವವರು, ಕಂಪನಿ ಬಸ್ಸುಗಳು. ಹುಡುಗರ ಒಂದು ಗುಂಪು ಒಬ್ಬನ ಹೊಸ ಬೂಟು ನೋಡಿ ಆಡಿಕೊಳ್ಳುತ್ತಿತ್ತು. ನಾನು ಬರೆದ ಹಾಗೆಯೇ ಇದೆಯಲ್ಲ ಎಂದುಕೊಂಡು ಖುಷಿಪಟ್ಟೆ. ಬೆಂಚಿನ ಇನ್ನೊಂದು ತುದಿಯಲ್ಲಿ ವಯಸ್ಸಾದ ಒಬ್ಬ ಕೆಲಸಗಾರ ರಸ್ತೆಯ ಕಡೆ ಮುಖ ಮಾಡಿ, ನನಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದ.

ನನ್ನ ಕಸುಬಿನ ಒಂದು ಚಟವಿದೆ. ಬೆನ್ನು ಕಂಡರೆ ಮನಸ್ಸು ಅದಕ್ಕೆ ಮಾತು ಹೊಲಿಯಲು ಶುರುಮಾಡುತ್ತದೆ. ಅವನಿಗೂ ಹೊಲಿಯತೊಡಗಿತು. ಮಗಳ ಮದುವೆ ಎಂದು ಒಂದು, ಸೂಪರ್‌ವೈಸರನ ಬೈಗುಳ ಎಂದು ಒಂದು, ಟೀ ನೀರಾಗಿದೆ ಎಂದು ಒಂದು. ಎಲ್ಲವೂ ಚೆನ್ನಾಗಿದ್ದವು. ಯಾವುದನ್ನು ಹಾಕಿದರೂ ಕೂರುತ್ತಿತ್ತು. ಹಾಗೆ ಎಲ್ಲವೂ ಕೂರುತ್ತಿದ್ದದ್ದಕ್ಕೇ ನನಗೆ ಭಯವಾಯಿತು. ಅವನು ಟೀ ಮುಗಿಸಿದ, ಎದ್ದ, ಬಸ್ಸು ಹತ್ತಿದ. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕ್ವಾರಿಯ ಬೆನ್ನುಗಳಿಗೆ ನಾನು ಬರೆದದ್ದೆಲ್ಲ ನನ್ನ ಅಪ್ಪನದು.

ಅಲ್ಲಿಂದಲೇ ಯಜಮಾನಿಗೆ ಫೋನ್ ಮಾಡಿದೆ. ಊಟದ ದೃಶ್ಯದ ಮಾತು ತೆಗೆಯಬೇಕು ಎಂದೆ.

“ಡೈರೆಕ್ಟರ್ ಹೆದರಿಸಿದ್ರೇನು?”

“ಇಲ್ಲ.”

“ಮತ್ತ? ಕಂಪನಿ ಓಕೆ ಅಂದೈತಿ. ಒಪ್ಪಿದ ಮಾಲನ್ನ ವಾಪಸ್ ತಗೊಂಡು ಕೆಡಿಸೋ ಮನಿಷನ್ನ ನಾನು ನೋಡಿಲ್ಲಪಾ. ಪಿಕ್ಚರ್ ಈಗ ಇಷ್ಟ ಆಗಿಬಿಡ್ತೇನು ನಿಮಗೆ?”

“ಇಲ್ಲ ಮೇಡಂ. ಅದು ಕೆಟ್ಟ ಪಿಕ್ಚರೇ. ಆದ್ರ ಅವರ ಪಿಕ್ಚರು.”

ಫೋನಿನಲ್ಲಿ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಕಂಪನಿಯವರಿಗೆ ಏನು ಹೇಳಿ ಒಪ್ಪಿಸಿದರೋ, ಅದನ್ನು ನನಗೆ ಇವತ್ತಿಗೂ ಹೇಳಿಲ್ಲ. ಮುಂದಿನ ಸಿನಿಮಾಗಳ ಮಾತು ಮತ್ತೆ ಬರಲಿಲ್ಲ ಎನ್ನುವುದು ಮಾತ್ರ ಗೊತ್ತು.

ಸ್ಟುಡಿಯೋಕ್ಕೆ ಮರಳಿದಾಗ ಬಾಬಾಯ್ ಬಾಗಿಲಲ್ಲೇ ಕೂತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು.

“ನನ್ನ ಹುಂಜ ಕೊಯ್ದ್ಯಂತಲ್ಲ?”

“ಬಾಬಾಯ್, ನಿಮ್ಮ ದನಿದು ಏನೂ ತಪ್ಪಿಲ್ಲ.”

“ತಪ್ಪಿದ್ರ ತೆಗಿ. ತಪ್ಪಿಲ್ಲ ಅಂದ್ರ ಯಾಕ ತೆಗೀತಿ? ನಲವತ್ತು ವರ್ಷ ಮಂದಿ ನನ್ನ ದನಿ ಕೇಳಿ ಹೆದರ್ಯಾರ. ವೈಜಾಗಿನಾಗ ನಕ್ಕರಂತ. ಹಾಲಿಗೆ ಹಾಲೇ ನಕ್ತಂತ. ಅದನ್ನ ನನ್ನ ಮೊಮ್ಮಕ್ಕಳಿಗೆ ತೋರಿಸಬೇಕಂತಿದ್ದೆ.” ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. “ನಿನಗ ಪಿಕ್ಚರ್ ಇಷ್ಟ ಇಲ್ಲ. ನಿನ್ನ ಮಾತು ನಿನಗ ಇಷ್ಟ. ನನಗ ನಿನ್ನ ಮಾತು ಇಷ್ಟ. ಇಷ್ಟ ಇದ್ದದ್ದನ್ನ ಕೊಯ್ದು ಇಷ್ಟ ಇಲ್ಲದ್ದಕ್ಕ ಉಣಿಸ್ತಿ. ಯಾವ ನ್ಯಾಯ ಇದು?”

ಅವರು ಮೆಟ್ಟಿಲು ಇಳಿದು ಹೋದರು.

ಮಾತು ತೆಗೆದರೆ ಕೆಲಸ ಮುಗಿಯಲಿಲ್ಲ. ಆ ದೃಶ್ಯದ ಸದ್ದನ್ನೆಲ್ಲ ಅವರು ಚಿತ್ರೀಕರಣದ ಜಾಗದಲ್ಲೇ, ನಟರ ಮೈಕಿನಲ್ಲೇ ರೆಕಾರ್ಡ್ ಮಾಡಿದ್ದರು. ನಮಗೆ ಕೊಟ್ಟ ಮಾತಿಲ್ಲದ ಟ್ರ್ಯಾಕಿನಲ್ಲಿ ಗಾಳಿ ಮಾತ್ರ ಇತ್ತು. ಅಗಿಯುವುದು, ಉಸಿರು, ನುಂಗುವುದು ಇವೆಲ್ಲ ಕನ್ನಡ ದನಿಗಳ ಜೊತೆ ಹೋಗಿಬಿಟ್ಟಿದ್ದವು. ನನ್ನ ಮಾತು ಇದ್ದಾಗ ಆ ಕೊರತೆ ಮುಚ್ಚಿತ್ತು. ಈಗ ಏಳು ಜನ ಹೆಣಗಳ ಹಾಗೆ ಸದ್ದಿಲ್ಲದೆ ಉಣ್ಣುತ್ತಿದ್ದರು. ಏಳು ಊಟಗಳ ಸದ್ದನ್ನು ಹೊಸದಾಗಿ ಮಾಡಬೇಕಿತ್ತು. ಉಳಿದವರಿಗೆ ಡಬ್ಬಿಂಗಿನ ಹುಡುಗರು ಬಂದರು. ನಾಯಕನ ಊಟಕ್ಕೆ ಬಾಬಾಯ್ ಬರಬೇಕಿತ್ತು. ಬರಲಿಲ್ಲ. ಫೋನ್ ಎತ್ತಲಿಲ್ಲ.

“ಅಣ್ಣಾ, ನೀನೇ ಕೂತ್ಕೊ” ಎಂದ ಇಂಜಿನಿಯರ್. “ಮಾತಿಲ್ಲಲ್ಲ. ಉಣ್ಣಾಕೇನು ದನಿ ಬೇಕು?”

ಎದುರಿನ ಮೆಸ್ಸಿನಿಂದ ಅನ್ನ, ಚಟ್ನಿ, ಒಂದು ರೊಟ್ಟಿ ತರಿಸಿದರು. ಏಸಿ ನಿಲ್ಲಿಸಿದರು. ಮೈಕಿನ ಮುಂದೆ ತಟ್ಟೆ ಇಟ್ಟುಕೊಂಡು, ತೆರೆಯ ಮೇಲಿನ ಮನುಷ್ಯ ತುತ್ತು ಎತ್ತಿದಾಗ ನಾನೂ ಎತ್ತಿದೆ. ಮೊದಲ ಸಲ ಇಂಜಿನಿಯರ್ ನಿಲ್ಲಿಸಿದ.

“ಅಣ್ಣಾ, ಮದುವಿ ಊಟ ಉಂಡಂಗ ಉಣ್ತಿ. ಹೆಂಡ್ತಿ ಸತ್ತಾವ ಹಿಂಗ ಉಣ್ತಾನೇನು?”

“ನಮ್ಮಪ್ಪ ಉಂಡಿದ್ದ.”

ಅವನು ಗಾಜಿನ ಆಚೆಯಿಂದ ನನ್ನನ್ನು ನೋಡಿದ, ದೃಶ್ಯವನ್ನು ಮತ್ತೆ ಹಿಂದಕ್ಕೆ ಓಡಿಸಿದ. ಎರಡನೇ ಸಲ ಕೆಳಗೆ ಪಾತ್ರೆಯ ಲಾರಿ ಬಂತು. ಅದು ಖಾಲಿಯಾಗುವವರೆಗೂ ತಟ್ಟೆಯ ಮುಂದೆ ಎಂಜಲು ಕೈಯಲ್ಲಿ ಕೂತಿದ್ದೆ. ಮೂರನೇ ಸಲ ಅವನ ನಿಧಾನ ನನಗೆ ಹಿಡಿಯಿತು. ತೆರೆಯ ಮೇಲಿನವನು ತುತ್ತು ಬಾಯಿಗಿಟ್ಟು ನಡುವೆ ಅಗಿಯುವುದನ್ನೇ ನಿಲ್ಲಿಸುತ್ತಾನೆ, ಆಗ ನಾನೂ ನಿಲ್ಲಿಸಿದೆ. ಬೆನ್ನು ಹಾಕಿದ ಆರು ಜನರ ಕೈಗಳೂ ನಿಂತಿದ್ದವು. ಅದನ್ನು ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ, ನಾನು ಅಲ್ಲಿ ಹುಂಜವನ್ನು ಕೂಗಿಸುತ್ತಿದ್ದೆ. ಗಮನಿಸಿದ ಮೇಲೆ ಸಿನಿಮಾ ಇಷ್ಟವಾಯಿತೇ ಎಂದರೆ, ಇಲ್ಲ. ಆ ಆರು ಜನರಲ್ಲಿ ಒಬ್ಬನಾದರೂ ಬಾಯಿ ಬಿಡಬೇಕಿತ್ತು ಎಂದು ಬಾಯಲ್ಲಿ ತುತ್ತು ಇಟ್ಟುಕೊಂಡೇ ಅನಿಸುತ್ತಿತ್ತು.

“ಓಕೆ ಅಣ್ಣಾ” ಎಂದ ಇಂಜಿನಿಯರ್. “ಇದು ಸರಿ ಬಂತು.”

ಕಳಿಸುವ ಮುನ್ನ ನಿರ್ದೇಶಕಿಗೆ ಫೋನ್ ಮಾಡಿದೆ. ಊಟದ ದೃಶ್ಯ ಮೊದಲಿನಂತೆಯೇ ಇದೆ, ಆದರೆ ಸಿನಿಮಾ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಹಾಗಾಗಿ ಕಾರ್ಡಿನಿಂದ ನನ್ನ ಹೆಸರು ತೆಗೆಸಿಬಿಡಿ ಎಂದೆ.

“ಯಾಕೆ ಸರ್? ಅಲ್ಲಿ ಹಾಕೋದು ಕೆಲಸ ಮಾಡಿದವರ ಹೆಸರು. ಸಿನಿಮಾ ಇಷ್ಟ ಇರೋರ ಹೆಸರು ಅಂತ ಎಲ್ಲೂ ಬರೆದಿಲ್ಲವಲ್ಲ.” ಮತ್ತೆ, “ಆ ಹುಂಜದ ಮಾತು ಬೇರೆ ಎಲ್ಲಾದ್ರೂ ಹಾಕಿ ಸರ್. ವೇಸ್ಟ್ ಮಾಡಬೇಡಿ” ಎಂದರು.

ಹೆಸರು ಉಳಿಯಿತು. ತೆಗೆಯಿರಿ ಎಂದವನು ನಾನೇ; ಅವರು ತೆಗೆಯುವುದಿಲ್ಲ ಎಂದಾಗ ಒಳಗೊಳಗೇ ನೆಮ್ಮದಿಯಾದವನೂ ನಾನೇ.

ಸಿನಿಮಾ ತೆಲುಗಿನಲ್ಲಿ ಬಂತು. ಮತ್ತೆ ಎಲ್ಲರೂ ಕೊಂಡಾಡಿದರು. ಒಬ್ಬರು ತೆಲುಗು ಮಾತುಗಳ ಸಂಯಮ ದೊಡ್ಡದು ಎಂದು ಬರೆದರು. ಸಾಹೇಬರು ಆ ಬರಹವನ್ನು ಕಳಿಸಿ ಫೋನ್ ಮಾಡಿದರು.

“ಅಂತೂ ಸಿನಿಮಾ ನಿಮ್ಮನ್ನ ಗೆದ್ದುಬಿಡ್ತು ನೋಡಿ. ನಾನು ಹೇಳಿರಲಿಲ್ವಾ, ನಿಧಾನಕ್ಕೆ ಅರ್ಥ ಆಗುತ್ತೆ ಅಂತ?”

“ಸಾರ್, ಅವತ್ತೂ ಅರ್ಥ ಆಗಿತ್ತು. ಇವತ್ತೂ ಹಿಡಿಸಿಲ್ಲ.”

“ನಿಮ್ಮ ವಿನಯ ಇದೆಯಲ್ಲ” ಎಂದು ನಕ್ಕರು.

ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕರೆದು ನನಗೆ ಶಾಲು ಹೊದಿಸಿ ಪೇಟ ಇಟ್ಟರು. ಮೌನದ ಬಗ್ಗೆ ನಾಲ್ಕು ಮಾತು ಆಡಿ ಎಂದು ಮೈಕು ಕೊಟ್ಟರು. ಹೇಳಬೇಕಾದದ್ದನ್ನು ನೆಟ್ಟಗೆ ಹೇಳಿದೆ. “ಕೆಲಸ ನಿಯತ್ತಿನಿಂದ ಮಾಡೀನಿ. ಪಿಕ್ಚರ್ ಮಾತ್ರ ನಂಗ ಇಷ್ಟ ಇಲ್ಲ.” ಸಭೆ ಮೊದಲು ನಕ್ಕಿತು, ಆಮೇಲೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ದೊಡ್ಡ ಕಲಾವಿದರು ಹೀಗೆಯೇ ಮಾತಾಡುವುದು ಎಂದು ಒಬ್ಬರು ವೇದಿಕೆಯ ಮೇಲೇ ಹೇಳಿದರು. ನಾನು ಇಳಿದು ಬಂದು ಕೂತೆ.

ಈಗ ನನ್ನ ಹತ್ತಿರ ಇರುವುದು ಪಟಮಟದಲ್ಲಿ ಒಂದು ಬಾಡಿಗೆ ಮನೆ, ಒಂದು ಹೆಡ್‌ಫೋನ್, ಬೇರೆಯವರ ಹೆಸರಿಗೆ ಬರೆಯುತ್ತಿರುವ ಎರಡು ಸಿನಿಮಾ, ಒಂದು ಶಾಲು, ಫೋನ್ ಎತ್ತದ ಒಬ್ಬ ಬಾಬಾಯ್. ನನ್ನ ಹೆಸರಿರುವ ಸಿನಿಮಾ ಒಂದು. ಅದು ನನಗೆ ಇಷ್ಟವಿಲ್ಲ.